ಬಾಯಿಗೂ ಹಿತ್ತಾಳೆಗೂ ನಡುವೆ

ಕಾಲೇಜಿನ ಎರಡು ವರ್ಷ ನಾನು ಬ್ಯಾಂಡಿನಲ್ಲಿ ಯುಫೋನಿಯಂ ಊದಿದೆ. ಹೆಸರು ಕೇಳಿ ಗುರುತು ಹತ್ತದವರು ಮೈಸೂರು ದಸರೆಯ ಪೊಲೀಸ್ ಬ್ಯಾಂಡನ್ನು ನೆನಪಿಸಿಕೊಳ್ಳಬಹುದು. ಟ್ರಂಪೆಟ್, ಕ್ಲಾರಿನೆಟ್‌ಗಳು ಹಾಡನ್ನು ಹೊತ್ತು ನಡೆಯುವಾಗ ಕೆಳಗಿನಿಂದ ಎದೆಗೆ ತಾಗುವಂತೆ ಬರುವ ದುಂಡು ದನಿ ಇದೆಯಲ್ಲ, ಅದು ಯುಫೋನಿಯಂ, ಟ್ರೊಂಬೋನ್, ಟ್ಯೂಬಾಗಳದು. ಮಂದ್ರದ ಹಿತ್ತಾಳೆ ವಾದ್ಯಗಳು. ಅವು ಇದ್ದಾಗ ಯಾರೂ ಗಮನಿಸುವುದಿಲ್ಲ, ಅಪಸ್ವರ ಬಂದಾಗ ಎಲ್ಲರೂ ತಿರುಗಿ ನೋಡುತ್ತಾರೆ.

ನನಗೆ ಕೊಟ್ಟ ವಾದ್ಯ ನನಗಿಂತ ಹಿರಿಯದು. ಅದರ ಮೌತ್‌ಪೀಸ್ ಸಡಿಲವಾಗಿ ಅಲುಗಾಡುತ್ತಿತ್ತು. ನನಗಿಂತ ಮೊದಲು ಊದುತ್ತಿದ್ದ ಹುಡುಗ ಅದರ ಬಾಲಕ್ಕೆ ನೋಟ್‌ಬುಕ್ಕಿನ ಹಾಳೆಯ ಪಟ್ಟಿಯೊಂದನ್ನು ಸುತ್ತಿದ್ದ. ಅದು ಎಂಜಲಿಗೆ ನೆನೆದು ಹರಿದಾಗ ನಾನೂ ಹೊಸ ಪಟ್ಟಿ ಸುತ್ತಿದೆ. ಕೆಳಗಿನ ಸ್ವರಗಳು ಹೇಗೋ ಹೊಂದಿಕೊಳ್ಳುತ್ತಿದ್ದವು. ಮೇಲೆ ಹೋದಂತೆ ಶ್ರುತಿ ಏರುತ್ತಿತ್ತು. ಸ್ಲೈಡ್ ಎಳೆದು ಮೇಲಿನದನ್ನು ಸರಿಮಾಡಿದರೆ ಕೆಳಗಿನವು ತಗ್ಗುತ್ತಿದ್ದವು. ಮಾಸ್ಟರು ಕೋಲಿನಿಂದ ಸ್ಟ್ಯಾಂಡ್ ಕುಟ್ಟಿ, “ಕಿವಿ ಎಲ್ಲಿ ಬಿಟ್ಟು ಬಂದ್ಯೋ?” ಎನ್ನುತ್ತಿದ್ದರು. ನಾನು ಅದನ್ನು ನಂಬಿದೆ. ಕಿವಿ ಸರಿಯಿಲ್ಲದವನಿಗೆ ಸಂಗೀತವೇಕೆ ಎಂದುಕೊಂಡು ಎರಡನೇ ವರ್ಷದ ಕೊನೆಗೆ ವಾದ್ಯವನ್ನು ಹಿಂದಿರುಗಿಸಿಬಿಟ್ಟೆ.

ಬಹಳ ವರ್ಷಗಳ ಮೇಲೆ, ಬ್ಯಾಂಡ್ ವಾದ್ಯಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಅಂಗಡಿಯಲ್ಲಿ ಮಾತಿಗೆ ಮಾತು ಬಂದು ಈ ಕಥೆ ಹೇಳಿದೆ. ಅವರು ನಕ್ಕರು. “ಕಾಗದ ಸುತ್ತಿದ್ರಿ ಅಂದ್ರೆ ಅದು ಬೇರೆ ವಾದ್ಯದ್ದು ಸಾರ್, ನಿಮ್ಮದಲ್ಲ” ಎಂದು ಬಿಸ್ಕತ್ತಿನ ಡಬ್ಬದಿಂದ ಎರಡು ಮೌತ್‌ಪೀಸ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಟ್ರೊಂಬೋನಿನದು, ಒಂದು ಯುಫೋನಿಯಂನದು. ತುಟಿ ತಾಗುವ ಅಂಚು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಗಲ. ಆದರೆ ಒಂದರ ಬಾಲ ತುಸು ಸಪೂರ, ಒಳಗಿನ ಬಟ್ಟಲು ತುಸು ಆಳ ಕಡಿಮೆ. ಎರಡನ್ನೂ ಒಂದೇ ಯುಫೋನಿಯಂಗೆ ಹಾಕಿ ಊದಿಸಿದರು. ಮೊದಲನೆಯದರಲ್ಲಿ ನನ್ನ ಹಳೆಯ ಅಪಸ್ವರ ಹಾಗೆಹಾಗೇ ಹೊರಬಂತು. ಎರಡನೆಯದರಲ್ಲಿ ಅದು ಬಹುಪಾಲು ಹೋಗಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಕಿವಿ ಏನೂ ಬದಲಾಗಿರಲಿಲ್ಲ.

ಅಂದಿನಿಂದ ಈ ವಾದ್ಯಗಳ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ. ನಾನು ಕಿವಿಯ ತಪ್ಪೆಂದು ನಂಬಿದಂತೆ, ಇತಿಹಾಸ ಎಷ್ಟು ವಾದ್ಯಗಳನ್ನು ಶ್ರುತಿಗೆ ಬಾರದವೆಂದು ನಂಬಿ ಮನೆಗೆ ಕಳಿಸಿದೆ?

ಈ ಪ್ರಶ್ನೆಗೆ ಮೊದಲು ಆ ಸಣ್ಣ ವಸ್ತುವಿನ ಪರಿಚಯ ಬೇಕು. ಮೌತ್‌ಪೀಸ್ ಎಂದರೆ ಅಂಗೈಯಲ್ಲಿ ಹಿಡಿಸುವ ಲೋಹದ ಬಟ್ಟಲು. ತುಟಿ ಒತ್ತಿಕೊಳ್ಳುವ ಸುತ್ತಿನ ಅಂಚು, ಅದರ ಒಳಗೆ ಬಟ್ಟಲು, ಬಟ್ಟಲಿನ ತಳದಲ್ಲಿ ಕಿರಿದಾದ ಗಂಟಲು, ಗಂಟಲಿನಿಂದ ಮತ್ತೆ ಮೆಲ್ಲಗೆ ಅಗಲವಾಗುತ್ತ ಹೋಗುವ ಹಿಂಗೊಳವೆ, ಆ ಹಿಂಗೊಳವೆಯನ್ನು ಒಳಗೊಂಡು ವಾದ್ಯದೊಳಕ್ಕೆ ಕೂರುವ ಬಾಲ. ಟ್ರಂಪೆಟ್ಟಿನ ಅಂಚಿನ ಒಳ ಅಗಲ 16ರಿಂದ 17 ಮಿಲಿಮೀಟರ್. ಟ್ರೊಂಬೋನ್, ಯುಫೋನಿಯಂಗಳದು 25, 26ರ ಆಸುಪಾಸು. ಟ್ಯೂಬಾದ್ದು 32, 33. ಓಲಗದವರ ನಾಗಸ್ವರಕ್ಕೆ ದಾರದಲ್ಲಿ ಜೋತುಬಿದ್ದ ಸೀವಾಳಿಗಳ ಗೊಂಚಲನ್ನು ನೋಡಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ವಾದ್ಯ ಅದೇ ಇದ್ದರೂ ಬಾಯಲ್ಲಿಟ್ಟದ್ದು ಬದಲಾದರೆ ಬರುವ ದನಿ ಬೇರೆ. ವ್ಯತ್ಯಾಸವೊಂದೇ. ಸೀವಾಳಿ ತಾನೇ ಕಂಪಿಸುತ್ತದೆ, ಮೌತ್‌ಪೀಸಿನಲ್ಲಿ ಕಂಪಿಸುವುದು ಊದುವವನ ತುಟಿ.

ಸುಮಾರು 2.75 ಮೀಟರ್ ಉದ್ದದ ಯುಫೋನಿಯಂ ಕೊಳವೆಯ ತುದಿಗೆ ಸಿಕ್ಕಿಸಿದ ಒಂದು ಗೇಣಿಗೂ ಕಡಿಮೆ ಉದ್ದದ ತುಂಡು ಶ್ರುತಿಯನ್ನು ಹೇಗೆ ಕೆಡಿಸೀತು? ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ ಇದನ್ನು ಬಿಡಿಸಿ ವಿವರಿಸಿದವರಲ್ಲಿ ಮುಖ್ಯರು. ಸಂಗೀತದ ಧ್ವನಿವಿಜ್ಞಾನದ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ 1976ರಲ್ಲಿ ಬಂತು. ವಿವರಣೆಯ ತಿರುಳು ಹೀಗಿದೆ. ವಾದ್ಯದೊಳಗಿನ ಗಾಳಿಗೆ ಮೌತ್‌ಪೀಸ್ ಎಂದರೆ ಕೊಳವೆಗೆ ಸೇರಿಸಿದ ಇನ್ನೊಂದಿಷ್ಟು ಉದ್ದ. ಆದರೆ ಆ ಉದ್ದ ಸ್ಕೇಲಿನಲ್ಲಿ ಅಳೆಯುವಂಥದ್ದಲ್ಲ, ಸ್ವರದಿಂದ ಸ್ವರಕ್ಕೆ ಅದು ಬದಲಾಗುತ್ತದೆ. ಕೆಳಗಿನ ಸ್ವರಗಳಿಗೆ ಮುಖ್ಯವಾದದ್ದು ಬಟ್ಟಲಿನಲ್ಲಿ ಒಟ್ಟು ಎಷ್ಟು ಗಾಳಿ ಹಿಡಿಸುತ್ತದೆ ಎಂಬುದು. ಅಷ್ಟೇ ಗಾಳಿ ಹಿಡಿಸುವ, ವಾದ್ಯದ ಬಾಯಷ್ಟೇ ಸಪೂರವಾದ ಕೊಳವೆ ಎಷ್ಟು ಉದ್ದವಿರುತ್ತಿತ್ತೋ ಅಷ್ಟು ಉದ್ದ ಸೇರಿದಂತೆ ಅವು ವರ್ತಿಸುತ್ತವೆ. ಮೇಲೆ ಹೋದಂತೆ ಈ ಕಾಣದ ಉದ್ದ ಬೆಳೆಯುತ್ತದೆ. ಎಷ್ಟು ಬೇಗ ಬೆಳೆಯುತ್ತದೆ ಎನ್ನುವುದು ಮೌತ್‌ಪೀಸಿನ ಸ್ವಂತ ದನಿಯನ್ನು ಅವಲಂಬಿಸಿದೆ.

ಸ್ವಂತ ದನಿಯೇ ಎಂದು ಕೇಳಬೇಡಿ. ಮೌತ್‌ಪೀಸನ್ನು ಕಳಚಿ ಅದರ ಅಂಚನ್ನು ಅಂಗೈಗೆ ಚಟ್ಟನೆ ಬಡಿದರೆ ‘ಪೊಕ್’ ಎಂದು ಒಂದು ಸ್ವರ ಕೇಳುತ್ತದೆ. ಬಟ್ಟಲು ಆಳವಾದಷ್ಟೂ, ಗಂಟಲು ಕಿರಿದಾದಷ್ಟೂ ಆ ಸ್ವರ ಕೆಳಗಿರುತ್ತದೆ. ಅದು ಕೆಳಗಿದ್ದರೆ ವಾದ್ಯದ ಮೇಲಿನ ಸ್ವರಗಳು ತಗ್ಗುತ್ತವೆ, ಮೇಲಿದ್ದರೆ ಏರುತ್ತವೆ. ಸ್ಲೈಡನ್ನು ಎಳೆದಾಗ ಹಾಗಲ್ಲ. ಎಲ್ಲ ಸ್ವರಗಳೂ ಬಹುಮಟ್ಟಿಗೆ ಒಟ್ಟಿಗೇ ಇಳಿಯುತ್ತವೆ. ನನ್ನ ಕಷ್ಟಕ್ಕೆ ಕಾರಣ ಇದೇ ಆಗಿತ್ತು. ಟ್ರೊಂಬೋನಿನ ಸಣ್ಣ ಬಟ್ಟಲು ಮೇಲಿನ ಸ್ವರಗಳನ್ನು ಕೆಳಗಿನವಕ್ಕಿಂತ ಹೆಚ್ಚು ಏರಿಸಿತ್ತು. ಎಲ್ಲವನ್ನೂ ಒಟ್ಟಿಗೆ ಇಳಿಸುವ ಸ್ಲೈಡಿನಿಂದ ಅದನ್ನು ಸರಿಮಾಡಲು ಹೊರಟಿದ್ದೆ ನಾನು.

ಇನ್ನೂ ಒಂದು ಸಂಗತಿ ಇದೆ. ಒಂದು ತುದಿ ತುಟಿಯಿಂದ ಮುಚ್ಚಿದ ಉದ್ದನೆಯ ನೇರ ಕೊಳವೆಯ ಸ್ವಾಭಾವಿಕ ಸ್ವರಗಳು 1, 3, 5, 7 ಎಂಬ ಲೆಕ್ಕದಲ್ಲಿ ದೂರದೂರ ನಿಲ್ಲುತ್ತವೆ. ಸಂಗೀತಕ್ಕೆ ಬೇಕಾದದ್ದು 2, 3, 4, 5, 6. ಟ್ರೊಂಬೋನಿನಂಥ ವಾದ್ಯದಲ್ಲಿ ಹೂವಿನಂತೆ ಅರಳಿದ ಬೆಲ್ ಕೆಳಗಿನ ಸ್ವರಗಳನ್ನು ಮೇಲೆತ್ತುತ್ತದೆ, ಮೌತ್‌ಪೀಸ್ ಮೇಲಿನವನ್ನು ಕೆಳಗಿಳಿಸುತ್ತದೆ. ಎರಡೂ ಕಡೆಯಿಂದ ಎಳೆದಾಗ ಮಾತ್ರ ಸ್ವರಗಳ ಸಾಲು ಸರಿಹೋಗುತ್ತದೆ. ಹಾಗಾಗಿ ಮೌತ್‌ಪೀಸ್ ವಾದ್ಯಕ್ಕೆ ಸಿಕ್ಕಿಸಿದ ಪರಿಕರವಲ್ಲ, ವಾದ್ಯದ ಅರ್ಧ ಲೆಕ್ಕ ಅದರಲ್ಲೇ ಇದೆ. ಅದು ಕಳಚಿ ಬರುತ್ತದೆ ಎಂಬುದರಿಂದಲೇ ಜನ ಇದನ್ನು ಮರೆಯುತ್ತಾರೆ. ಕಳಚಿ ಬರುವ ವಸ್ತು ಕಳೆದುಹೋಗುತ್ತದೆ, ಜೇಬಿಗೆ ಸೇರುತ್ತದೆ, ಬೇರೆ ವಾದ್ಯಕ್ಕೆ ಹೋಗಿ ಕೂರುತ್ತದೆ.

ಈಗ ಮೊದಲ ಆರೋಪಿಯ ಕಡೆಗೆ ಬರೋಣ. ಹೆಸರು ಸರ್ಪೆಂಟ್, ಹಾವು ಎಂದೇ ಅರ್ಥ. ಫ್ರಾನ್ಸಿನ ಒಸೇರ್ ಊರಿನ ಚರ್ಚಿನ ಎಡ್ಮೆ ಗಿಯೋಮ್ ಎಂಬ ಪಾದ್ರಿ 1590ರ ಸುಮಾರಿಗೆ ಇದನ್ನು ಮಾಡಿದನೆಂದು ಪ್ರತೀತಿ. ಪ್ರತೀತಿ ಎನ್ನಲು ಕಾರಣವಿದೆ. ಈ ಮಾತು ನಮಗೆ ಸಿಗುವುದು ಜಾನ್ ಲೆಬ್ಯೂಫ್ 1743ರಲ್ಲಿ ಪ್ರಕಟಿಸಿದ ಒಸೇರ್ ಚರಿತ್ರೆಯಲ್ಲಿ, ಅಂದರೆ ಸುಮಾರು ಒಂದೂವರೆ ಶತಮಾನದ ನಂತರ. ವಾದ್ಯ ಮಾತ್ರ 1636ರ ಹೊತ್ತಿಗೆ ಎಷ್ಟು ಪರಿಚಿತವಾಗಿತ್ತೆಂದರೆ ಮಾರಿನ್ ಮರ್ಸೆನ್ ತನ್ನ ಸಂಗೀತದ ಮಹಾಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಉದ್ದ ಸುಮಾರು 2.4 ಮೀಟರ್, ಹಾವಿನಂತೆ ಅಂಕುಡೊಂಕು. ಆರು ರಂಧ್ರಗಳು. ಆ ರಂಧ್ರಗಳು ಇರುವುದು ಧ್ವನಿಯ ಲೆಕ್ಕ ಹೇಳುವ ಜಾಗದಲ್ಲಲ್ಲ, ಮನುಷ್ಯನ ಬೆರಳು ಮುಟ್ಟುವ ಜಾಗದಲ್ಲಿ. ಅವುಗಳ ಅಗಲವೂ ಬೆರಳಿನಿಂದ ಮುಚ್ಚುವಷ್ಟೇ.

ಇಂಥ ವಾದ್ಯದಲ್ಲಿ ಕೊಳವೆ ಸ್ವರವನ್ನು ಗಟ್ಟಿಯಾಗಿ ಹಿಡಿದುಕೊಡುವುದಿಲ್ಲ. ದಾರಿಯನ್ನು ಸೂಚಿಸುತ್ತದೆ ಅಷ್ಟೇ, ನಡೆಯಬೇಕಾದದ್ದು ತುಟಿ. ಆದ್ದರಿಂದ ತುಟಿಗೆ ಅವಕಾಶ ಕೊಡುವ ಮೌತ್‌ಪೀಸ್ ಇಲ್ಲಿ ಬೇರೆಲ್ಲ ವಾದ್ಯಗಳಿಗಿಂತ ಹೆಚ್ಚು ನಿರ್ಣಾಯಕ. ಹಳೆಯ ಸರ್ಪೆಂಟಿನ ಮೌತ್‌ಪೀಸನ್ನು ದಂತದಲ್ಲೋ ಕೊಂಬಿನಲ್ಲೋ ಕಡೆಯುತ್ತಿದ್ದರು. ಬಟ್ಟಲು ಹೆಚ್ಚುಕಡಿಮೆ ಅರ್ಧಗೋಳ, ಅದು ಗಂಟಲನ್ನು ಸೇರುವಲ್ಲಿ ಚೂಪಾದ ಅಂಚು. ಇಂದಿನ ಟ್ರೊಂಬೋನ್ ಮೌತ್‌ಪೀಸಿನಲ್ಲಿ ಆ ಅಂಚು ನಯವಾಗಿ ಇಳಿಜಾರಾಗಿರುತ್ತದೆ. ಅಗಲ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ಹಾಕಿದರೆ ವಾದ್ಯ ಬೇರೆಯೇ ಆಗುತ್ತದೆ.

ಎರಡು ಶತಮಾನಕ್ಕೂ ಹೆಚ್ಚು ಕಾಲ ಫ್ರಾನ್ಸಿನ ಚರ್ಚುಗಳಲ್ಲಿ ಗಂಡಸರ ಗಾಯನಕ್ಕೆ ಆಧಾರವಾಗಿ ಸರ್ಪೆಂಟ್ ನಿಂತಿತ್ತು. 18ನೇ ಶತಮಾನದಲ್ಲಿ ಸೇನೆಯ ಬ್ಯಾಂಡುಗಳಿಗೂ ಬಂತು. ಹಾಡುವವರ ಶ್ರುತಿಯನ್ನು ನಿತ್ಯವೂ ಕೆಡಿಸುವ ವಾದ್ಯವನ್ನು ಇಷ್ಟು ತಲೆಮಾರುಗಳ ಜನ ದೇವರೆದುರು ಇಟ್ಟುಕೊಂಡಾರೆಯೇ? ಆದರೆ ನಮಗೆ ಉಳಿದಿರುವ ಖ್ಯಾತಿ ಕೊನೆಗಾಲದ್ದು. 1840ರ ದಶಕದಲ್ಲಿ ವಾದ್ಯವಿನ್ಯಾಸದ ತನ್ನ ಪ್ರಸಿದ್ಧ ಗ್ರಂಥವನ್ನು ಬರೆದ ಬೆರ್ಲಿಯೋಸ್ ಅದನ್ನು ಹೀನಾಯವಾಗಿ ಜರೆದ. 1830ರಲ್ಲಿ ತನ್ನ ‘ಸಿಂಫನಿ ಫ್ಯಾಂಟಾಸ್ಟಿಕ್’ ಕೃತಿಯಲ್ಲಿ ಸಾವಿನ ಸ್ತೋತ್ರವನ್ನು ನುಡಿಸಲು ಅದೇ ಸರ್ಪೆಂಟಿಗೆ ಜಾಗ ಕೊಟ್ಟಿದ್ದವನೂ ಅವನೇ. ಅಪಸ್ವರದ ವಾದ್ಯ ಎಂಬ ಹಣೆಪಟ್ಟಿ ಆಮೇಲೆ ಅಳಿಸಲೇ ಇಲ್ಲ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿ ಎಚ್ಚರವಾಗಬೇಕು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಹಿತ್ತಾಳೆ ವಾದ್ಯಗಳಲ್ಲಿ ಎಷ್ಟೋ ವಾದ್ಯಗಳಿಗೆ ತಮ್ಮ ಮೂಲ ಮೌತ್‌ಪೀಸ್ ಇಲ್ಲ. ವಾದ್ಯ ದೊಡ್ಡದು, ಅದನ್ನು ಅಟ್ಟದ ಮೇಲೆ ಕಾಪಾಡಿದರು. ಮೌತ್‌ಪೀಸ್ ವಾದಕನ ಜೇಬಿನಲ್ಲಿ ಹೋಯಿತು. ಇಂಥ ವಾದ್ಯವನ್ನು ಯಾರಾದರೂ ತೆಗೆದು, ಕೈಗೆ ಸಿಕ್ಕ ಟ್ರೊಂಬೋನ್ ಮೌತ್‌ಪೀಸ್ ಸಿಕ್ಕಿಸಿ ಊದಿ, ಪಾಪ, ಅಂದಿನವರು ಇದನ್ನೇ ಸಂಗೀತ ಎನ್ನುತ್ತಿದ್ದರು ಎಂದು ಬರೆದುಕೊಂಡರೆ, ಅದು ಮುಖ್ಯ ಸಾಕ್ಷಿ ಕಳೆದುಹೋದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಂತೆ. ಸ್ವರಲಿಪಿ ಉಳಿದಿದೆ, ಕೊಳವೆ ಉಳಿದಿದೆ. ಎರಡನ್ನೂ ಕೂಡಿಸುತ್ತಿದ್ದ ಬಟ್ಟಲು ಇಲ್ಲ.

ಮರುವಿಚಾರಣೆಯೂ ನಡೆಯಿತು ಎನ್ನುವುದು ಸಮಾಧಾನ. ಇಂಗ್ಲೆಂಡಿನ ಕ್ರಿಸ್ಟೋಫರ್ ಮಂಕ್ ಹಳೆಯ ಮಾದರಿಗಳನ್ನು ನೋಡಿ ಸರ್ಪೆಂಟುಗಳನ್ನು ಮತ್ತೆ ತಯಾರಿಸತೊಡಗಿದರು. 1976ರಲ್ಲಿ ಇನ್ನಿಬ್ಬರ ಜೊತೆ ಲಂಡನ್ ಸರ್ಪೆಂಟ್ ಟ್ರಯೊ ಕಟ್ಟಿ ಕಛೇರಿ ನಡೆಸಿದರು. ಬಾಸ್ಟನ್ ಸಿಂಫನಿಯಲ್ಲಿ ಬಾಸ್ ಟ್ರೊಂಬೋನ್ ನುಡಿಸುತ್ತಿದ್ದ ಡಗ್ಲಸ್ ಯೋ, ಫ್ರಾನ್ಸಿನ ಟ್ಯೂಬಾ ವಾದಕ ಮಿಷೆಲ್ ಗೊದಾರ್ ಇಬ್ಬರೂ ಸರ್ಪೆಂಟನ್ನು ಕೈಗೆತ್ತಿಕೊಂಡರು. ಇವರ ಧ್ವನಿಮುದ್ರಿಕೆಗಳನ್ನು ಕೇಳಿದರೆ ಸರ್ಪೆಂಟ್ ಸುಲಭದ ವಾದ್ಯವೆಂದು ಯಾರೂ ಹೇಳಲಾರರು, ಶ್ರುತಿಗೆ ಬಾರದ ವಾದ್ಯವೆಂದೂ ಹೇಳಲಾರರು.

ಸರ್ಪೆಂಟಿನ ಜಾಗಕ್ಕೆ ಬಂದದ್ದು ಆಫಿಕ್ಲೈಡ್. ಪ್ಯಾರಿಸ್ಸಿನಲ್ಲಿ ಹಲಾರಿ ಎಂದು ಹೆಸರಾಗಿದ್ದ ಜಾನ್ ಇಲೇರ್ ಆಸ್ತೆ 1821ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಲೋಹದ ಕೊಳವೆ, ಬೆರಳಿಗೆ ಎಟುಕದ ಕಡೆಯೂ ದೊಡ್ಡ ರಂಧ್ರಗಳು, ಅವುಗಳನ್ನು ಮುಚ್ಚಿ ತೆರೆಯಲು ಕೀಲಿಗಳು. ಸರ್ಪೆಂಟಿನ ದೌರ್ಬಲ್ಯವೆಲ್ಲ ರಂಧ್ರದಲ್ಲಿದೆ ಎಂಬ ನಂಬಿಕೆಯಿಂದ ಹುಟ್ಟಿದ ಪರಿಹಾರವಿದು, ಆ ಮಟ್ಟಿಗೆ ಸರಿಯಾದದ್ದೂ ಹೌದು. 1835ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಸೇನಾ ಬ್ಯಾಂಡುಗಳ ವಿಲ್‌ಹೆಲ್ಮ್ ವೀಪ್ರೆಖ್ಟ್ ಮತ್ತು ವಾದ್ಯ ತಯಾರಕ ಮೊರಿಟ್ಸ್ ಸೇರಿ ಐದು ವಾಲ್ವುಗಳ ಬಾಸ್ ಟ್ಯೂಬಾಗೆ ಪೇಟೆಂಟ್ ಪಡೆದರು. ರಂಧ್ರಗಳೇ ಬೇಡ, ಕೊಳವೆಯ ಉದ್ದವನ್ನೇ ಹೆಚ್ಚು ಕಡಿಮೆ ಮಾಡೋಣ ಎಂಬುದು ಇಲ್ಲಿನ ಆಲೋಚನೆ. ಮುಂದಿನ ಕೆಲವು ದಶಕಗಳಲ್ಲಿ ಟ್ಯೂಬಾ ಆಫಿಕ್ಲೈಡನ್ನು ಹೊರದೂಡಿತು. ಈಗ ‘ಸಿಂಫನಿ ಫ್ಯಾಂಟಾಸ್ಟಿಕ್’ನ ಆ ಭಾಗಗಳನ್ನೂ ಸಾಮಾನ್ಯವಾಗಿ ಟ್ಯೂಬಾಗಳೇ ನುಡಿಸುತ್ತವೆ.

ವಾಲ್ವು ಬಂದ ಮೇಲೆ ಶ್ರುತಿಯ ಚರ್ಚೆಯೆಲ್ಲ ಕೊಳವೆಯ ಉದ್ದದ ಕಡೆಗೇ ತಿರುಗಿತು. ಅದಕ್ಕೆ ಗಟ್ಟಿ ಕಾರಣವೂ ಇತ್ತು. ಯುಫೋನಿಯಂನ ಮೊದಲ ವಾಲ್ವು ಒತ್ತಿದರೆ ಸುಮಾರು 34 ಸೆಂಟಿಮೀಟರ್ ಕೊಳವೆ ಸೇರುತ್ತದೆ, ಮೂರನೆಯದಕ್ಕೆ 52. ಎರಡನ್ನೂ ಒಟ್ಟಿಗೆ ಒತ್ತಿದರೆ 86. ಆದರೆ ಐದು ಅರ್ಧಸ್ವರ ಇಳಿಯಲು ಬೇಕಾದದ್ದು ಸುಮಾರು 92. ಆರು ಸೆಂಟಿಮೀಟರ್ ಕೊರತೆ, ಅಂದರೆ ಅರ್ಧಸ್ವರದ ಸುಮಾರು ಮೂರನೇ ಒಂದು ಭಾಗದಷ್ಟು ಏರು ಶ್ರುತಿ. ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ 1874ರಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಹಿಡಿದ. ಕೆಳಗಿನ ವಾಲ್ವು ಒತ್ತಿದಾಗ ಗಾಳಿ ಉಳಿದ ವಾಲ್ವುಗಳ ಮೂಲಕ ಎರಡನೇ ಸಲ ಹಾದು, ಅಲ್ಲಿರುವ ಪುಟ್ಟ ಹೆಚ್ಚುವರಿ ಕೊಳವೆಗಳಲ್ಲಿ ಕೊರತೆಯನ್ನು ತುಂಬಿಕೊಳ್ಳುತ್ತದೆ. ಇಂದಿಗೂ ಒಳ್ಳೆಯ ಯುಫೋನಿಯಂಗಳು ಈ ವ್ಯವಸ್ಥೆಯಲ್ಲೇ ಬರುತ್ತವೆ. ಆದರೆ ಬ್ಲೇಕ್ಲಿಯ ಉಪಾಯ ಸರಿಪಡಿಸುವುದು ವಾಲ್ವುಗಳ ಕೂಡುವಿಕೆಯ ತಪ್ಪನ್ನು. ತಪ್ಪು ಮೌತ್‌ಪೀಸಿನಿಂದ ಮೇಲಿನ ಸ್ವರಗಳು ಏರಿದ್ದರೆ ಅದು ಏನೂ ಮಾಡಲಾರದು. ಆ ಏರಿಕೆ ವಾಲ್ವು ಒತ್ತದಿದ್ದಾಗಲೂ ಅಲ್ಲೇ ಇರುತ್ತದೆ.

ಇದೇ ಕಾಲಕ್ಕೆ ಸೇರಿದ, ಮೌತ್‌ಪೀಸಿನ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲದ್ದೆನಿಸುವ ವಾದ್ಯ ವಾಗ್ನರ್ ಟ್ಯೂಬಾ. ತನ್ನ ‘ರಿಂಗ್’ ನಾಟಕಚಕ್ರಕ್ಕೆ ಹಾರ್ನಿಗೂ ಟ್ರೊಂಬೋನಿಗೂ ನಡುವಿನ ಗಂಭೀರವಾದ ಬಣ್ಣವೊಂದು ರಿಚರ್ಡ್ ವಾಗ್ನರನಿಗೆ ಬೇಕಿತ್ತು. 1853ರಲ್ಲಿ ಪ್ಯಾರಿಸ್ಸಿನಲ್ಲಿ ಅಡಾಲ್ಫ್ ಸ್ಯಾಕ್ಸ್‌ನ ವಾದ್ಯಗಳನ್ನು ನೋಡಿದ ಮೇಲೆ ಆ ಯೋಚನೆ ಬಲಿಯಿತೆನ್ನುತ್ತಾರೆ. 1876ರಲ್ಲಿ ಬೈರಾಯ್ಟಿನಲ್ಲಿ ‘ರಿಂಗ್’ ಇಡಿಯಾಗಿ ರಂಗಕ್ಕೆ ಬಂತು. ಅದರಲ್ಲಿ ಇಂಥ ನಾಲ್ಕು ಟ್ಯೂಬಾಗಳಿವೆ, ಎರಡು ಟೆನರ್, ಎರಡು ಬಾಸ್. ಅವನ್ನು ಯಾರು ನುಡಿಸಬೇಕು? ಟ್ಯೂಬಾ ವಾದಕರಲ್ಲ, ಹಾರ್ನ್ ವಾದಕರು. ಎಂಟು ಹಾರ್ನಿನವರಲ್ಲಿ ನಾಲ್ವರು ಬೇಕಾದಾಗ ಹಾರ್ನ್ ಬದಿಗಿಟ್ಟು ಟ್ಯೂಬಾ ಎತ್ತಿಕೊಳ್ಳುತ್ತಾರೆ. ತುಟಿ ಬದಲಾಗಬಾರದೆಂದು ಮೌತ್‌ಪೀಸ್ ಹಾರ್ನಿನದೇ, 17, 18 ಮಿಲಿಮೀಟರ್ ಅಗಲದ ಆಳವಾದ ಆಲಿಕೆ.

ಲೆಕ್ಕ ಹಾಕಿ ನೋಡಿ. ಕೊಳವೆ ಹಾರ್ನಿಗಿಂತ ಅಗಲ, ಬಾಯಿ ಹಾರ್ನಿನದು. ಜೊತೆಗೆ ಇನ್ನೊಂದು ನಷ್ಟ. ಹಾರ್ನ್ ವಾದಕ ತನ್ನ ಬಲಗೈಯನ್ನು ಬೆಲ್ಲಿನೊಳಗೆ ಇಟ್ಟಿರುತ್ತಾನೆ. ಸ್ವರ ತುಸು ಏರಿದರೆ ಕೈ ಒಳಕ್ಕೆ ಒತ್ತಿ, ಇಳಿದರೆ ಸಡಿಲಿಸಿ, ಯಾರಿಗೂ ಗೊತ್ತಾಗದಂತೆ ತಿದ್ದಿಕೊಳ್ಳುತ್ತಾನೆ. ವಾಗ್ನರ್ ಟ್ಯೂಬಾದ ಬೆಲ್ ಆಕಾಶಕ್ಕೆ ಮುಖಮಾಡಿದೆ, ಕೈ ಅಲ್ಲಿಗೆ ಹೋಗದು. ಹೀಗೆ ಸರಿಪಡಿಸುವ ಕೈ ಕಳೆದುಕೊಂಡು, ಎರವಲು ಬಾಯಿ ಹೊತ್ತುಕೊಂಡು ಆ ವಾದ್ಯ ಜನಿಸಿತು. ಶ್ರುತಿಯ ವಿಷಯದಲ್ಲಿ ಕಾಟ ಕೊಡುವ ವಾದ್ಯವೆಂಬ ಹೆಸರು ಅದಕ್ಕೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಅದೇ ಎರವಲು ಬಾಯಿಯಿಂದಲೇ ಹಾರ್ನೂ ಅಲ್ಲದ ಟ್ಯೂಬಾವೂ ಅಲ್ಲದ ಆ ವಿಚಿತ್ರ ಮಬ್ಬು ಬಣ್ಣ ಬಂತು. 1883ರ ಫೆಬ್ರುವರಿಯಲ್ಲಿ ವಾಗ್ನರ್ ತೀರಿಕೊಂಡಾಗ ಬ್ರುಕ್ನರ್ ತನ್ನ ಏಳನೇ ಸಿಂಫನಿ ಬರೆಯುತ್ತಿದ್ದ. ಅದರ ನಿಧಾನಗತಿಯ ಎರಡನೇ ಭಾಗವನ್ನು ತೆರೆಯುವ ದನಿಗಳಲ್ಲಿ ಈ ನಾಲ್ಕು ಟ್ಯೂಬಾಗಳಿವೆ. ವಾಲ್ವಿನ ಲೆಕ್ಕವನ್ನೂ ಬಟ್ಟಲಿನ ಲೆಕ್ಕವನ್ನೂ ಮೀರಿ, ಗುರುವಿನ ವಾದ್ಯದಿಂದಲೇ ಗುರುವಿಗೆ ಸಲ್ಲಿಸಿದ ಶ್ರದ್ಧಾಂಜಲಿಯದು. ಅಂದರೆ ಹೊಂದದ ಮೌತ್‌ಪೀಸ್ ಯಾವಾಗಲೂ ತಪ್ಪೇ ಎಂದಲ್ಲ. ಅದು ಏನನ್ನು ಕೊಟ್ಟು ಏನನ್ನು ಕಸಿಯುತ್ತದೆ ಎಂದು ತಿಳಿದಿರಬೇಕು.

ಬ್ರಿಟನ್ನಿನಲ್ಲಿ ಶ್ರುತಿಯ ಸಮಸ್ಯೆ ಸಾರ್ವಜನಿಕ ಅವಮಾನದ ಮಟ್ಟಕ್ಕೂ ಹೋಗಿತ್ತು. 1854ರಲ್ಲಿ ಕ್ರೈಮಿಯಾ ಯುದ್ಧದ ಸಮಯ, ಸ್ಕುಟಾರಿಯಲ್ಲಿ ರಾಣಿ ವಿಕ್ಟೋರಿಯಾಳ ಹುಟ್ಟುಹಬ್ಬದ ಕವಾಯತು. ನೆರೆದಿದ್ದ ರೆಜಿಮೆಂಟ್ ಬ್ಯಾಂಡುಗಳೆಲ್ಲ ಒಟ್ಟಿಗೆ ರಾಷ್ಟ್ರಗೀತೆ ನುಡಿಸಿದಾಗ ಒಂದರ ಶ್ರುತಿ ಇನ್ನೊಂದಕ್ಕೆ ಸೇರದೆ ಮಿತ್ರದೇಶಗಳ ಅಧಿಕಾರಿಗಳೆದುರು ಮಾನ ಹೋಯಿತೆಂದು ಕಥೆ. 1857ರಲ್ಲಿ ನೆಲ್ಲರ್ ಹಾಲಿನಲ್ಲಿ ಸೇನಾ ಸಂಗೀತ ಶಾಲೆ ಶುರುವಾದದ್ದರ ಹಿಂದೆ ಈ ನೆನಪಿದೆ ಎನ್ನುತ್ತಾರೆ. ಮುಂದೆ ಆ ದೇಶದ ಬ್ಯಾಂಡುಗಳು ನೆಲೆನಿಂತದ್ದು ಏರು ಶ್ರುತಿಯಲ್ಲಿ, ಸೆಕೆಂಡಿಗೆ 452 ಕಂಪನಗಳ ಆಸುಪಾಸು. ಆರ್ಕೆಸ್ಟ್ರಾಗಳು 1890ರ ದಶಕದಲ್ಲಿ 439ಕ್ಕೆ ಇಳಿದವು, 1939ರ ಲಂಡನ್ ಸಮ್ಮೇಳನ 440ನ್ನು ಒಪ್ಪಿತು. ಆದರೂ ಊರೂರಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೆ ಏರು ಶ್ರುತಿಯನ್ನೇ ಹಿಡಿದಿದ್ದವು. ಹೊಸ ವಾದ್ಯಕ್ಕೆ ಹಣ ಬೇಕಲ್ಲ.

452ರಿಂದ 440ಕ್ಕೆ ಇಳಿಯುವುದೆಂದರೆ ಯುಫೋನಿಯಂಗೆ ಸುಮಾರು ಏಳು ಸೆಂಟಿಮೀಟರ್ ಕೊಳವೆ ಸೇರಿಸಿದಂತೆ. ಹಳೆಯ ವಾದ್ಯಗಳಿಗೆ ತುಂಡು ಬೆಸೆದು ಉದ್ದ ಮಾಡಿಸಿಕೊಂಡ ಬ್ಯಾಂಡುಗಳಿದ್ದವು. ಸೇರಿಸಿದ್ದು ನಡುವಿನ ಕೊಳವೆಗೆ. ಒಂದು ತುದಿಯ ಬೆಲ್, ಇನ್ನೊಂದು ತುದಿಯ ಮೌತ್‌ಪೀಸ್ ಎರಡೂ ಹಾಗೆಯೇ ಉಳಿದವು. ಎರಡು ತುದಿಗಳು ಎಳೆದು ಹಿಡಿದ ಸಮತೋಲದ ಮೇಲೆ ಈ ವಾದ್ಯ ನಿಂತಿದೆ ಎಂದೆನಲ್ಲ, ನಡುವನ್ನು ಮಾತ್ರ ಹಿಗ್ಗಿಸಿದರೆ ಒಂದು ಸ್ವರ ಸರಿಹೋಗಿ ಇನ್ನೊಂದು ತುಸು ಜಾರುತ್ತದೆ.

ಮೌತ್‌ಪೀಸನ್ನೇ ಅಳೆದು ನೋಡಬೇಕೆಂಬ ಹಟ ದೊಡ್ಡ ಪ್ರಮಾಣದಲ್ಲಿ ಬಂದದ್ದು 20ನೇ ಶತಮಾನದಲ್ಲಿ. ಅದೂ ಒಂದು ಅಪಘಾತದಿಂದ. ವಿನ್ಸೆಂಟ್ ಬಾಕ್ 1890ರಲ್ಲಿ ವಿಯೆನ್ನಾ ಬಳಿ ಹುಟ್ಟಿದವರು, ಎಂಜಿನಿಯರಿಂಗ್ ಓದಿದವರು, ಟ್ರಂಪೆಟ್ ವಾದಕರಾಗಿ ಅಮೆರಿಕ ಸೇರಿದವರು. ಅಲ್ಲಿ ತಮಗೆ ಒಗ್ಗಿದ್ದ ಮೌತ್‌ಪೀಸೊಂದನ್ನು ರಿಪೇರಿಗೆ ಕೊಟ್ಟಾಗ ಅದು ಕೆಟ್ಟುಹೋಯಿತು. ಬೇರೆ ಯಾವುದೂ ಅದರಂತೆ ನುಡಿಯಲಿಲ್ಲ. 1918ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಲೇತ್ ಕೊಂಡು ತಾವೇ ಮೌತ್‌ಪೀಸ್ ಕಡೆಯಲು ಕೂತರು. ತುಟಿಗೆ ಮಾತ್ರ ಗೊತ್ತಿದ್ದ ಸಂಗತಿಯನ್ನು ಅಂಕಿಗೆ ಇಳಿಸಿದ್ದು ಅವರ ದೊಡ್ಡ ಕೆಲಸ. ಅವರ ಪದ್ಧತಿಯಲ್ಲಿ ಅಂಕಿ ಅಂಚಿನ ಅಗಲವನ್ನು ಹೇಳುತ್ತದೆ, ಅಂಕಿ ಸಣ್ಣದಾದಷ್ಟೂ ಅಗಲ ಹೆಚ್ಚು. ಅಕ್ಷರ ಬಟ್ಟಲಿನ ಆಳವನ್ನು ಹೇಳುತ್ತದೆ. ಕಳೆದುಹೋದ ಮೌತ್‌ಪೀಸಿನ ತದ್ರೂಪನ್ನು ಇನ್ನೊಂದು ಊರಿನಲ್ಲಿ ಕೂತು ಪತ್ರ ಬರೆದು ತರಿಸಿಕೊಳ್ಳಲು ಇದರಿಂದ ಸಾಧ್ಯವಾಯಿತು. ಟ್ಯೂಬಾದ ಲೋಕದಲ್ಲಿ ಸೂಸಾ ಬ್ಯಾಂಡಿನ ವಾದಕ ಆಗಸ್ಟ್ ಹೆಲ್ಲೆಬರ್ಗ್‌ನ ಹೆಸರು ಹೊತ್ತ ಆಲಿಕೆಯಂಥ ಮೌತ್‌ಪೀಸ್ ಇಂದಿಗೂ ಮಾರಾಟವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಲ್ಲ ಅಪಸ್ವರವೂ ಮೌತ್‌ಪೀಸಿನದಲ್ಲ. ಒಳ್ಳೆಯ ಮೌತ್‌ಪೀಸ್ ಹಾಕಿದ ಯುಫೋನಿಯಂನಲ್ಲೂ ಸ್ವಾಭಾವಿಕ ಸ್ವರಗಳ ಸಾಲಿನ ಆರನೆಯದು ಏರುತ್ತದೆಂದು ವಾದಕರು ಗೊಣಗುತ್ತಲೇ ಇರುತ್ತಾರೆ, ಅದಕ್ಕೆ ಕೊಳವೆಯ ಆಕಾರ ಕಾರಣ. ಟ್ರೊಂಬೋನಿನವನಿಗಂತೂ ಕೈಯಲ್ಲೇ ಸ್ಲೈಡ್ ಇದೆ, ಪ್ರತಿ ಸ್ವರವನ್ನೂ ಬೇರೆಬೇರೆಯಾಗಿ ತಿದ್ದಬಲ್ಲ. ಮೌತ್‌ಪೀಸ್ ತಪ್ಪಿದ್ದರೂ ಅವನು ಬಚಾವಾಗುತ್ತಾನೆ, ಕೈಗೆ ಮಾತ್ರ ಹೆಚ್ಚು ಕೆಲಸ. ಇನ್ನು ತುಟಿ ಬಲಿತ ವಾದಕ ಎಂಥ ವಾದ್ಯವನ್ನೂ ತುಸು ಎಳೆದು ಶ್ರುತಿಗೆ ತರುತ್ತಾನೆ. ಸಮಸ್ಯೆ ಇರುವುದೂ ಇಲ್ಲೇ. ನುರಿತವನು ತಪ್ಪು ಮೌತ್‌ಪೀಸನ್ನು ತನ್ನ ತುಟಿಯಿಂದ ಮುಚ್ಚಿಹಾಕುತ್ತಾನೆ, ಹಾಗಾಗಿ ಅದು ಕಾಣುವುದೇ ಇಲ್ಲ. ಕಲಿಯುವ ಹುಡುಗನಿಗೆ ಆ ತುಟಿ ಇರುವುದಿಲ್ಲ. ಬೈಗುಳ ಬೀಳುವುದು ಅವನಿಗೆ.

ನಮ್ಮ ಮಾಸ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಲಿತದ್ದೂ ಸಿಕ್ಕ ವಾದ್ಯದಲ್ಲಿ, ಸಿಕ್ಕ ಮೌತ್‌ಪೀಸಿನಲ್ಲಿ. ತುಟಿಯಿಂದ ತಿದ್ದಿಕೊಳ್ಳುವುದನ್ನೇ ಅವರು ಕಿವಿ ಎಂದು ಕರೆಯುತ್ತಿದ್ದರು, ಅವರ ಕಾಲದಲ್ಲಿ ಅದು ಸುಳ್ಳೂ ಆಗಿರಲಿಲ್ಲ. ಆದರೆ ಅಂದು ಯಾರಾದರೂ ಒಬ್ಬರು ಆ ಕಾಗದದ ಪಟ್ಟಿಯನ್ನು ನೋಡಿ, ಇದೇಕೆ ಇಲ್ಲಿದೆ ಎಂದು ಕೇಳಿದ್ದರೆ ಸಾಕಿತ್ತು. ನಾನೂ ಕೇಳಲಿಲ್ಲ. ಹೊಸ ಪಟ್ಟಿ ಸುತ್ತಿದೆ ಅಷ್ಟೇ.

ಯಾವುದಾದರೂ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಮಗೆ ಸರ್ಪೆಂಟೋ, ಆಫಿಕ್ಲೈಡೋ, ಹಳೆಯ ಬ್ಯಾಂಡಿನ ಟ್ಯೂಬಾವೋ ಕಂಡರೆ ಅದರ ಮೈಯ ಹೊಳಪಿಗಿಂತ ಮೊದಲು ಬಾಯಿಯ ಕಡೆ ನೋಡಿ. ಮೌತ್‌ಪೀಸ್ ಇದೆಯೇ? ಇದ್ದರೆ ಅದರದ್ದೇನಾ? ಆ ವಾದ್ಯದ ಬಗ್ಗೆ ಕೆಳಗೆ ಏನೇ ಬರೆದಿರಲಿ, ಅದನ್ನು ಆಮೇಲೆ ಓದಬಹುದು.